ಫಲ ಅನುಭವಿಸುವ ಹಕ್ಕು

ಹೇಮಲತಾಳಿಗೆ ಗಂಡನ ಎರಡನೆಯ ಸಂಸಾರದ ಸುದ್ದಿ ತಿಳಿದದ್ದು ಟಿವಿಗೆ ಡಿಶ್ ಕೂರಿಸುವವನಿಂದ.

ಒಂದು ಗುರುವಾರ ಮಧ್ಯಾಹ್ನ, ಕಣಕಟ್ಟೆಯ ಮನೆಯ ಪಡಸಾಲೆಯಲ್ಲಿ ಅವಳು ರಾಗಿ ಕೇರುತ್ತ ಕೂತಿದ್ದಾಗ ಫೋನು ಬಂತು. ಅರೇಹಳ್ಳಿ ಬಸ್ ಸ್ಟ್ಯಾಂಡಿನಿಂದ ಎಡಕ್ಕೆ ತಿರುಗಬೇಕೋ ಬಲಕ್ಕೋ ಎಂದು ಆ ಕಡೆಯವನು ಕೇಳಿದ. ತನಗೆ ಗೊತ್ತಿಲ್ಲ ಎಂದಳು. ಶರತ್ಚಂದ್ರ ಅನ್ನುವವರ ಮನೆ, ಹೊಸ ಕನೆಕ್ಷನ್ನು, ಅರ್ಜಿಯಲ್ಲಿ ಇದೇ ನಂಬರು ಬರೆದಿದ್ದಾರೆ ಎಂದ ಅವನು. ಹೇಮಲತಾ ಮೊರ ಕೆಳಗಿಟ್ಟಳು. ಅಲ್ಲೇ ಯಾರನ್ನಾದರೂ ವಿಚಾರಿಸಿ, ಮನೆ ಸಿಕ್ಕಿ ಕೆಲಸ ಮುಗಿದ ಮೇಲೆ ನನಗೊಂದು ಫೋನು ಮಾಡಿ ಎಂದಳು. ಅವನು ಮಾತಿಗೆ ತಪ್ಪದ ಮನುಷ್ಯ. ಒಂದೂವರೆ ಗಂಟೆಯ ನಂತರ ಮಾಡಿದ. ಡಿಶ್ಶು ಕೂರಿಸಿದ್ದಾಯಿತು, ಕನ್ನಡದ ಚಾನೆಲ್ಲುಗಳೆಲ್ಲ ಬರುತ್ತಿವೆ, ಮನೆಯಲ್ಲಿದ್ದ ಅಕ್ಕ ನೋಡಿ ಸರಿಯಾಗಿದೆ ಅಂದರು ಎಂದು ವರದಿ ಒಪ್ಪಿಸಿದ.

ಶರತ್ಚಂದ್ರ ಮೂರು ವರ್ಷದ ಹಿಂದೆ ಕಾಫಿ ತೋಟಗಳ ಪಂಪ್‌ಸೆಟ್ಟು ರಿಪೇರಿಗೆಂದು ಅರೇಹಳ್ಳಿಗೆ ಹೋದವನು. ಮೊದಮೊದಲು ವಾರಕ್ಕೊಮ್ಮೆ ಬರುತ್ತಿದ್ದ, ಆಮೇಲೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ಹಬ್ಬಕ್ಕೆ. ಒಂದು ನಂಬರಿಗೆ ಒಂದೇ ರಿಯಾಯಿತಿ ಎಂಬ ನಿಯಮವಿತ್ತು. ಅವನ ನಂಬರಿನ ರಿಯಾಯಿತಿ ಕಣಕಟ್ಟೆಯ ಟಿವಿಗೆ ಖರ್ಚಾಗಿತ್ತು. ಹಾಗಾಗಿ ಹೆಂಡತಿಯ ನಂಬರು ಕೊಟ್ಟಿದ್ದ. ಅದರಲ್ಲಿ ಅವನು ಉಳಿಸಿದ್ದು ಮುನ್ನೂರು ರೂಪಾಯಿ.

ಮುಂದಿನ ಹಬ್ಬ ಯುಗಾದಿ. ಹೇಮಲತಾ ಹನ್ನೆರಡು ದಿನ ಕಾದಳು. ಅಳಲಿಲ್ಲ ಅಂತಲ್ಲ, ಹಿತ್ತಲಲ್ಲಿ ಬಟ್ಟೆ ಒಗೆಯುವಾಗ ಅತ್ತಳು, ಅಲ್ಲಿ ನೀರಿನ ಸದ್ದಿತ್ತು. ಹಬ್ಬದ ದಿನ ಗಂಡನ ಎಲೆಗೆ ಎರಡನೆಯ ಹೋಳಿಗೆ ಹಾಕುತ್ತ ಕೇಳಿದಳು.

"ಅರೇಹಳ್ಳೀಲಿ ಟಿವಿ ಚೆನ್ನಾಗಿ ಬರ್ತದಾ?"

ಶರತ್ಚಂದ್ರ ಹೋಳಿಗೆಯನ್ನು ನೋಡಿದ. ಅಪ್ಪ ಮರುಳಪ್ಪನವರನ್ನು ನೋಡಿದ. ಅವರು ತುಪ್ಪ ಸವರಿಕೊಳ್ಳುತ್ತಿದ್ದರು.

"ಮಳೆ ಬಂದ್ರೆ ನಿಂತೋಯ್ತದೆ," ಎಂದ.

ಅವರ ಎಂಟು ವರ್ಷದ ದಾಂಪತ್ಯ ಮುಗಿದದ್ದು ಇಷ್ಟರಲ್ಲೇ. ಮಿಕ್ಕದ್ದು ಕಾಗದಪತ್ರದ ಕೆಲಸ.

ಜೂನಿನಲ್ಲಿ ಶಾಲೆ ಶುರುವಾಗುವ ಮೊದಲೇ ಆರು ವರ್ಷದ ಮಗಳು ಇಂಚರಳನ್ನು ಕರೆದುಕೊಂಡು ಅವಳು ಅರಸೀಕೆರೆಗೆ ಬಂದಳು. ರೈಲ್ವೆ ಸ್ಟೇಷನ್ನಿನ ಹಿಂದೆ ಒಂದು ಬಾಡಿಗೆ ಮನೆ ಹಿಡಿದಳು. ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಬಿಲ್ಲು ಬರೆಯುವ ಕೆಲಸ ಸಿಕ್ಕಿತು, ತಿಂಗಳಿಗೆ ಒಂಬತ್ತು ಸಾವಿರ. ಮಗುವನ್ನು ನೋಡಿಕೊಳ್ಳಲು ತಾಯಿ ದೇವೀರಮ್ಮ ಬಂದು ಜೊತೆಗಿದ್ದರು. ಸಮಾಧಾನದ ಮಾತು ದೇವೀರಮ್ಮನವರಿಗೆ ಒಗ್ಗುತ್ತಿರಲಿಲ್ಲ. "ನಿಮ್ಮಪ್ಪ ಸಾಯೋಗಂಟ ಮನೇಲೇ ಇದ್ರು ಕಣೇ. ಅದೇನು ಸುಖ ಅಂದ್ಕಂಡಿದೀಯಾ?" ಎಂದು ಒಂದು ಸಲ ಹೇಳಿದರು. ಆಶ್ಚರ್ಯವೆಂದರೆ ಹೇಮಲತಾಳಿಗೆ ಅದರಿಂದ ಸ್ವಲ್ಪ ಸಮಾಧಾನವೇ ಆಯಿತು.

ವಕೀಲೆ ಪ್ರತಿಮಾ ಅರಸೀಕೆರೆಯಲ್ಲಿ ಹೆಸರು ಮಾಡಿದವರು. ಅಳುವ ಕಕ್ಷಿದಾರರಿಗೆ ಅವರು ಕೊಡುತ್ತಿದ್ದದ್ದು ಒಂದು ಪಟ್ಟಿ. ಮದುವೆ ಫೋಟೋ, ಮಗುವಿನ ಜನನ ಪತ್ರ, ಬ್ಯಾಂಕಿನ ಪಾಸ್‌ಬುಕ್ಕು, ಒಡವೆಯ ರಸೀದಿ, ಡಿಶ್ಶಿನ ಮೆಸೇಜು. ಪಟ್ಟಿಯಲ್ಲಿದ್ದದ್ದನ್ನು ಹುಡುಕುವಷ್ಟರಲ್ಲಿ ಬಹಳ ಜನರ ಅಳು ನಿಲ್ಲುತ್ತಿತ್ತು. ಗಂಡಹೆಂಡಿರ ಜಂಟಿ ಖಾತೆಯಲ್ಲಿ ನಾನೂರ ಹನ್ನೆರಡು ರೂಪಾಯಿ ಇತ್ತು. ಅದನ್ನು ಸಮನಾಗಿ ಹಂಚಿ ಖಾತೆ ಮುಚ್ಚಿಸಿದರು. ಒಡವೆ ವಾಪಸು ಬಂತು. ತನಗೆಂದು ಏನೂ ಬೇಡ, ಮಗಳ ಖರ್ಚಿಗೆ ತಿಂಗಳಿಗೆ ಎಂಟು ಸಾವಿರ ಕೊಡಲಿ ಎಂದು ಹೇಮಲತಾ ಕೇಳಿದಳು.

ತನಗೆ ಅಷ್ಟು ಆದಾಯವೇ ಇಲ್ಲ ಎಂದು ಶರತ್ಚಂದ್ರ ಬರೆದುಕೊಟ್ಟ. ಪಂಪ್‌ಸೆಟ್ಟು ರಿಪೇರಿಗೆ ಯಾರೂ ರಸೀದಿ ಕೊಡುವುದಿಲ್ಲವಾದ್ದರಿಂದ ಅದನ್ನು ಸುಳ್ಳೆಂದು ತೋರಿಸುವುದು ಕಷ್ಟವಿತ್ತು. ಆಗ ಹೊಸ ದಾರಿ ತೋರಿಸಿದವರು ಅತ್ತೆ ರುದ್ರಮ್ಮನವರು. ಕೋರ್ಟಿನ ಹೊರಗಿನ ಬೆಂಚಿನ ಮೇಲೆ ಎಲೆಯಡಿಕೆ ಸಂಚಿ ಬಿಚ್ಚಿಕೊಂಡು ಕೂತಿದ್ದ ಅವರು ಎರಡೂ ಕಡೆಯ ವಕೀಲರಿಗೆ ಕೇಳುವ ಹಾಗೆ ಹೇಳಿದರು.

"ಕಾಸು ಕೊಟ್ರೆ ಕರಗೋಯ್ತದೆ. ಮರ ಕೊಡಾನ. ಮರ ಎಲ್ಲಿಗೋಯ್ತದೆ?"

ಕೆಳಗಿನ ತೋಟದ ತೆಂಗಿನ ಮರಗಳಲ್ಲಿ ಅರವತ್ತು. ಜಮೀನು ಮರುಳಪ್ಪನವರ ಹೆಸರಿನಲ್ಲೇ ಇರುತ್ತದೆ. ಆ ಮರಗಳ ಫಲ ಅನುಭವಿಸುವ ಹಕ್ಕು ಮಾತ್ರ, ಇಂಚರಳಿಗೆ ಹದಿನೆಂಟು ತುಂಬುವವರೆಗೆ, ಅವಳ ಜೀವನಾಂಶದ ಬಾಬ್ತು. ಕೊಬ್ಬರಿ ಆಗ ಕ್ವಿಂಟಾಲಿಗೆ ಎಂಟು ಸಾವಿರಕ್ಕೆ ಇಳಿದು ಕೂತಿತ್ತು. ರುದ್ರಮ್ಮನವರು ಬಾಯಿಲೆಕ್ಕದಲ್ಲೇ ಇದನ್ನೆಲ್ಲ ನೋಡಿಕೊಂಡಿದ್ದರು. ಅರವತ್ತು ಮರ ಯಾವುವು ಎಂದು ಆರಿಸಿದವರೂ ಅವರೇ. ಕಾಂಡ ಸೀಳಿದ್ದು, ನುಸಿ ಬಿದ್ದದ್ದು, ಸಿಡಿಲು ಹೊಡೆದು ಬದುಕಿದ್ದು, ಎಲ್ಲವೂ ಆ ಪಾಲಿಗೆ ಬಂದವು. ಮರಗಳಿಗೆ ಕೆಂಪು ಬಣ್ಣದಲ್ಲಿ ಒಂದರಿಂದ ಅರವತ್ತು ನಂಬರು ಬರೆಸಿದರು.

ಮಗು ತಾಯಿಯ ಸುಪರ್ದಿಯಲ್ಲಿ. ತಂದೆಗೆ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಭಾನುವಾರ, ಬೇಸಿಗೆ ರಜೆಯಲ್ಲಿ ಅರ್ಧ. ರಾಜಿ ಪತ್ರವನ್ನು ಹೇಮಲತಾ ಒಂದೊಂದೇ ಸಾಲು ಓದಿದಳು. ಒಂದು ಕಡೆ, ಮಗು ಯಾರ ಸುಪರ್ದಿಯಲ್ಲಿರುತ್ತದೋ ಅವರು ಮಗುವಿನ ಪರವಾಗಿ ಫಲ ಪಡೆಯತಕ್ಕದ್ದು ಎಂದಿತ್ತು. ಇದೇಕೆ ಹೀಗೆ ಎಂದು ಕೇಳಿದಳು. ಮಗು ಇರುವುದು ನಿಮ್ಮ ಹತ್ತಿರವೇ ಅಲ್ಲವೇ, ಎಲ್ಲ ಪತ್ರದಲ್ಲೂ ಹೀಗೇ ಬರೆಯುವುದು ಎಂದರು ಪ್ರತಿಮಾ. ಆರು ತಿಂಗಳು ಕಳೆದು ವಿಚ್ಛೇದನವಾಯಿತು.

ಮೊದಲ ಸಲ ಕಾಯಿ ಕೆಡವಿಸಲು ಅವಳು ಕಣಕಟ್ಟೆಗೆ ಬಸ್ಸಿನಲ್ಲಿ ಹೋದಾಗ, ಬಿಟ್ಟು ಹೋದ ಸೊಸೆ ಏನು ಮಾಡುತ್ತಾಳೆಂದು ನೋಡಲು ತೋಟದ ಬೇಲಿಯ ಹತ್ತಿರ ಏಳೆಂಟು ಜನ ಕೆಲಸ ಹುಡುಕಿಕೊಂಡು ನಿಂತಿದ್ದರು. ಮರ ಹತ್ತುವ ಉಗ್ರಪ್ಪ ಅರವತ್ತೂ ಮರ ಹತ್ತಿಳಿದ. ಒಟ್ಟು ಮುನ್ನೂರ ತೊಂಬತ್ತು ಕಾಯಿ. ಅಲ್ಲೇ ಬಂದಿದ್ದ ವ್ಯಾಪಾರಿಗೆ ಹನ್ನೊಂದು ರೂಪಾಯಿಗೆ ಒಂದರಂತೆ ಕೊಟ್ಟಳು. ಉಗ್ರಪ್ಪನ ಕೂಲಿ, ಬಸ್ಸಿನ ಚಾರ್ಜು ಕಳೆದು ಮಗಳ ಎರಡು ತಿಂಗಳ ಆಟೋ ಬಾಡಿಗೆಗೆ ಸಾಕಾಗುವಷ್ಟು ಉಳಿಯಿತು.

"ಹಸಿ ಕಾಯಿ ಮಾರೋರು ಕೈಲಾಗದೋರು ಅಕ್ಕಾರೆ," ಎಂದ ಉಗ್ರಪ್ಪ. "ಉಂಡೆ ಕೊಬ್ರಿ ಮಾಡ್ಬೇಕು. ಅಟ್ಟದ ಮ್ಯಾಲಾಕಿ ಒಂದೊರ್ಸ ಮರ್ತುಬಿಡ್ಬೇಕು."

ಕಾಯಿಯನ್ನು ಸಿಪ್ಪೆಸಮೇತ ಅಟ್ಟದ ಮೇಲೆ ವರ್ಷವಿಡೀ ಒಣಗಲು ಬಿಟ್ಟರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಎನ್ನುತ್ತದೆ. ಆಗ ಸುಲಿದು ಒಡೆದರೆ ಉಂಡೆಯಾಗಿ ಬರುತ್ತದೆ. ಮದುವೆಯಾಗಿ ಬಂದಾಗಿನಿಂದ ಹೇಮಲತಾ ನೋಡಿದ್ದೇ. ಆದರೆ ಅರಸೀಕೆರೆಯ ಬಾಡಿಗೆ ಮನೆಗೆ ಇದ್ದದ್ದು ಶೀಟಿನ ಸೂರು. ಮರೆಯುವುದಕ್ಕೆ ಅವಳ ಹತ್ತಿರ ಅಟ್ಟವೇ ಇರಲಿಲ್ಲ.

ಮುಂದಿನ ಸಲ ಕಾಯಿ ಕೆಡವಿಸಿ ರಾಶಿಯ ಪಕ್ಕ ನಿಂತಿದ್ದಾಗ ಮರುಳಪ್ಪನವರು ಬಂದರು. ದಿನಕ್ಕೆ ಹತ್ತು ಮಾತಿಗಿಂತ ಹೆಚ್ಚು ಆಡಿದವರಲ್ಲ ಅವರು. ರಾಶಿ ನೋಡಿದರು, ಕೊಟ್ಟಿಗೆಯ ಕಡೆ ನೋಡಿದರು.

"ಕೊಟ್ಟಿಗೆ ಅಟ್ಟ ಖಾಲಿ ಐತೆ," ಎಂದರು.

"ಬಾಡಿಗೆ," ಎಂದು ಒಳಗಿನಿಂದ ರುದ್ರಮ್ಮನವರ ದನಿ ಬಂತು.

"ಇನ್ನೂರು," ಎಂದರು ಮರುಳಪ್ಪ. ಆ ದಿನದ ಮಾತು ಅಲ್ಲಿಗೆ ಮುಗಿಯಿತು.

ಹೀಗೆ ಹೇಮಲತಾ ತಾನು ಸೊಸೆಯಾಗಿದ್ದ ಮನೆಯ ಕೊಟ್ಟಿಗೆಯ ಅಟ್ಟಕ್ಕೆ ಬಾಡಿಗೆದಾರಳಾದಳು. ತಿಂಗಳ ಇನ್ನೂರಕ್ಕೂ ಸಹಿ ಹಾಕಿಸಿಕೊಳ್ಳುತ್ತಿದ್ದಳು. ಆ ಇಬ್ಬರನ್ನು ಇನ್ನು ಏನೆಂದು ಕರೆಯಬೇಕು ಎಂಬುದನ್ನು ಡಿಕ್ರಿಯಲ್ಲಿ ಬರೆದಿರಲಿಲ್ಲ. ಎರಡು ಸಲ ಯಾವ ಹೆಸರೂ ಹಿಡಿಯದೆ ಮಾತಾಡಿ ನೋಡಿದಳು. ಕೊಟ್ಟಿಗೆಯಷ್ಟು ದೂರದಿಂದ "ಇಲ್ಲಿ ನೋಡಿ" ಎಂದು ಕೂಗುವುದು ಚೆನ್ನಾಗಿರಲಿಲ್ಲ. ಮೂರನೆಯ ಸಲ ಅತ್ತೆ, ಮಾವ ಎಂದೇ ಕರೆದಳು. ಯಾರೂ ಬೇಡ ಅನ್ನಲಿಲ್ಲ.

ಮರಗಳಿಗೆ ಅವಳು ಪಾತಿ ಮಾಡಿಸಿದಳು, ಸಗಣಿ ಗೊಬ್ಬರ ಹಾಕಿಸಿದಳು, ಬುಡಕ್ಕೆ ಸೋಗೆ ಹೊದಿಸಿದಳು. ಅಂಗಡಿಯ ರಜಾ ದಿನವೆಲ್ಲ ಅಲ್ಲಿಗೇ ಹೋಯಿತು. ತನ್ನದಲ್ಲದ ಮರಕ್ಕೆ ಇಷ್ಟೇಕೆ ಖರ್ಚು ಮಾಡುತ್ತೀಯ ಎಂದು ದೇವೀರಮ್ಮ ಕೇಳಿದರು. ಹನ್ನೊಂದು ವರ್ಷ ತನ್ನದೇ ಎಂದಳು. ಎರಡನೆಯ ವರ್ಷ ಮುಗಿಯುವಷ್ಟರಲ್ಲಿ ಮರಕ್ಕೆ ವರ್ಷಕ್ಕೆ ನಲವತ್ತು ಬಿಡುತ್ತಿದ್ದ ಕಾಯಿ ಎಪ್ಪತ್ತಕ್ಕೆ ಬಂದಿತ್ತು. ಸಿಡಿಲು ಹೊಡೆದ ಮೂವತ್ತೇಳನೆಯ ನಂಬರು ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ನಿಂತಿತ್ತು.

ಭಾನುವಾರಗಳಿಗೆ ಹಳೇಬೀಡನ್ನು ಗೊತ್ತು ಮಾಡಿಕೊಂಡಿದ್ದರು. ಅರಸೀಕೆರೆಗೂ ಅರೇಹಳ್ಳಿಗೂ ನಡುವೆ ಸಿಕ್ಕುವ ಊರು, ಎರಡೂ ಕಡೆಯಿಂದ ಬಸ್ಸಿದೆ, ದೇವಸ್ಥಾನದ ಹುಲ್ಲುಹಾಸಿನಲ್ಲಿ ಎಷ್ಟು ಹೊತ್ತು ಕೂತರೂ ಯಾರೂ ಏಳಿ ಅನ್ನುವುದಿಲ್ಲ. ಹೇಮಲತಾ ಮಗಳನ್ನು ಗೇಟಿನ ತನಕ ಬಿಟ್ಟು, ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲ್ಲಿನಲ್ಲಿ ಕೂರುತ್ತಿದ್ದಳು. ಮೊದಲ ಭಾನುವಾರ ವಾಪಸು ಬರುವಾಗ ಅಪ್ಪ ಏನಂದರು ಎಂದು ಕೇಳಿದಳು.

"ಚೆನ್ನಾಗಿ ಓದ್ತಿದೀಯಾ ಅಂದ್ರು. ಹೂಂ ಅಂದೆ," ಎಂದಳು ಇಂಚರ. "ಆಮೇಲೆ ಗೋಡೇಲಿರೋ ಆನೆ ಎಣಿಸಿದ್ವಿ."

ಮಗಳೊಂದಿಗೆ ಮಾತು ತೋಚದ ಅಪ್ಪನಿಗೆ ಆ ಆನೆಗಳು ಒಂದು ವರ್ಷ ಬಂದವು. ಆ ವರ್ಷದ ಇಪ್ಪತ್ತನಾಲ್ಕು ಭಾನುವಾರದಲ್ಲಿ ಅವನು ಬಂದದ್ದು ಹದಿಮೂರು. ಬರದಿದ್ದ ದಿನ ತಾಯಿ ಮಗಳು ಒಂದೊಂದು ಮಸಾಲೆ ದೋಸೆ ತಿಂದು ಮುಂದಿನ ಬಸ್ಸು ಹತ್ತುತ್ತಿದ್ದರು. ಪ್ರತಿಮಾ ಹೇಳಿದ್ದರೆಂದು ಹೇಮಲತಾ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುತ್ತಿದ್ದಳು. ಬಂದರೆ ರೈಟು, ಬರದಿದ್ದರೆ ಇಂಟು. ಬೇಸಿಗೆ ರಜೆಯ ಅರ್ಧವನ್ನು ಅವನು ಕೇಳಲೇ ಇಲ್ಲ.

ಮೂರನೆಯ ವರ್ಷ ಕೊಬ್ಬರಿ ಏರತೊಡಗಿತು. ಹನ್ನೆರಡಾಯಿತು, ಹದಿನೈದಾಯಿತು. ತಿಳಿದವರೆಲ್ಲ ಇನ್ನು ಇಳಿಯುತ್ತದೆ ಎಂದು ಮಾರಿದರು. ಹೇಮಲತಾ ತಿಳಿದವಳಲ್ಲ, ಅಟ್ಟದ ಕಾಯಿ ಇನ್ನೂ ಗುಡುಗುಡು ಅನ್ನದಿದ್ದ ಕಾರಣ ಸುಮ್ಮನಿದ್ದಳು. ಅವಳ ಕೊಬ್ಬರಿ ಅರಸೀಕೆರೆಯ ಹರಾಜಿಗೆ ಹೋದ ದಿನ ಕ್ವಿಂಟಾಲಿಗೆ ಇಪ್ಪತ್ತೆಂಟು ಸಾವಿರ ನಡೆಯುತ್ತಿತ್ತು. ದಲ್ಲಾಳಿ ಕೊಟ್ಟ ಚೀಟಿಯನ್ನು ಅವಳು ಅಂಗಡಿಗೆ ತಂದು, ಬಿಲ್ಲು ಬರೆಯುವ ಮೇಜಿನ ಮೇಲೆ ಮೂರು ಸಲ ಕೂಡಿ ನೋಡಿದಳು. ತಿಂಗಳಿಗೆ ಎಂಟು ಸಾವಿರ ಎಂದು ತಾನು ಕೇಳಿದ್ದದ್ದು ನೆನಪಾಯಿತು. ಚೀಟಿಯಲ್ಲಿದ್ದದ್ದನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ಅದರ ಒಂದೂವರೆ ಪಾಲು ಬೀಳುತ್ತಿತ್ತು. ಮಧ್ಯಾಹ್ನ ಒಂದು ಕಾಫಿ ಹೆಚ್ಚಿಗೆ ಕುಡಿದಳು.

ಕಣಕಟ್ಟೆಯಲ್ಲೂ ಅದನ್ನು ಕೂಡಿ ನೋಡಿದ್ದರು. ಮುಂದಿನ ಭಾನುವಾರ ಶರತ್ಚಂದ್ರ ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಹಳೇಬೀಡಿಗೆ ಬಂದಿದ್ದ, ಕೈಯಲ್ಲಿ ಹೊಸ ಫ್ರಾಕು. ಆನೆಗಳ ಕಡೆ ಹೋಗದೆ ಮಗಳನ್ನು ಆಟೋದಲ್ಲಿ ಹುಲಿಕೆರೆಗೆ ಕರೆದುಕೊಂಡು ಹೋಗಿ ಮೆಟ್ಟಿಲುಗಳ ಹಳೆಯ ಕೊಳ ತೋರಿಸಿದ. ಅಲ್ಲಿ ಕೂತು, ನಮ್ಮ ಜೊತೆ ಬಂದಿರುತ್ತೀಯಾ ಎಂದು ಕೇಳಿದನಂತೆ. ಎಷ್ಟು ದಿನ ಎಂದು ಇಂಚರ ಕೇಳಿದಳಂತೆ. ಯಾವಾಗಲೂ ಎಂದನಂತೆ. ಬಸ್ಸಿನಲ್ಲಿ ಇದನ್ನು ಅಮ್ಮನಿಗೆ ಹೇಳುವಾಗ ಅವಳು ಫ್ರಾಕಿನ ಬೆಲೆ ಚೀಟಿಯನ್ನು ಬಿಡಿಸುತ್ತಿದ್ದಳು. "ಇದು ನಂಗೆ ಆಗಲ್ಲ ಅಮ್ಮ, ಚಿಕ್ಕದು," ಎಂದಳು.

ಹದಿನೈದು ದಿನದಲ್ಲಿ ಕೋರ್ಟಿನ ನೋಟಿಸು ಬಂತು. ಮಗುವಿನ ಸುಪರ್ದಿ ತನಗೆ ಬೇಕೆಂದು ತಂದೆಯ ಅರ್ಜಿ. ತಾಯಿ ಇಡೀ ದಿನ ಅಂಗಡಿಯಲ್ಲಿರುತ್ತಾಳೆ, ರಜೆಯ ದಿನ ತೋಟದಲ್ಲಿರುತ್ತಾಳೆ, ಮಗು ಅಜ್ಜಿಯ ಕೈಯಲ್ಲಿ ಬೆಳೆಯುತ್ತಿದೆ. ಇದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಪ್ರತಿಮಾ ಹಳೆಯ ರಾಜಿ ಪತ್ರ ತೆಗೆದು, ಮಗು ಯಾರ ಸುಪರ್ದಿಯಲ್ಲಿರುತ್ತದೋ ಎಂಬ ಸಾಲಿನ ಮೇಲೆ ಬೆರಳಿಟ್ಟರು.

"ಈ ಸಾಲು ನಾನೇ ಬರೆದದ್ದು," ಎಂದರು. ಈ ಕೇಸಿಗೆ ಫೀಜು ತೆಗೆದುಕೊಳ್ಳಲಿಲ್ಲ.

ಕೇಸು ನಡೆಯುತ್ತಿರುವಾಗಲೇ ಬೇಸಿಗೆ ರಜೆ ಬಂತು. ಅರ್ಧ ರಜೆ ತನ್ನದು ಎಂದು ಶರತ್ಚಂದ್ರ ಕೇಳಿದ, ಪತ್ರದಲ್ಲಿತ್ತು, ಕೊಡಬೇಕಾಯಿತು. ಇಂಚರ ಇಪ್ಪತ್ತನಾಲ್ಕು ದಿನ ಅರೇಹಳ್ಳಿಯಲ್ಲಿದ್ದಳು. ಮನೆಯಲ್ಲಿ ದೇವೀರಮ್ಮನವರು ಅಭ್ಯಾಸಬಲದಿಂದ ಮೂರು ತಟ್ಟೆ ಹಾಕಿ, ಒಂದನ್ನು ತೆಗೆದಿಡುತ್ತಿದ್ದರು. ಹೇಮಲತಾ ಮಗಳ ಪುಸ್ತಕಗಳಿಗೆಲ್ಲ ರಟ್ಟು ಹಾಕಿದಳು. ಮುಂದಿನ ವರ್ಷದ ಪುಸ್ತಕ ಇನ್ನೂ ಬಂದಿರಲಿಲ್ಲ. ಹಿಂದಿನ ವರ್ಷದವಕ್ಕೇ ಹಾಕಿದಳು.

ಮಗು ಸೊರಗಿ ಬಂದಿದ್ದರೆ ಕೋರ್ಟಿನಲ್ಲಿ ಅನುಕೂಲವಾಗುತ್ತಿತ್ತು. ಇಂಚರ ಮೈಕೈ ತುಂಬಿಕೊಂಡು ಬಂದಳು. ತಲೆಗೆ ಚೆನ್ನಾಗಿ ಎಣ್ಣೆ ಹಾಕಿ ಎರಡು ಜಡೆ ಹೆಣೆದಿತ್ತು. ಮಲ್ಲಿಗೆ ಕಟ್ಟಲು ಕಲಿತಿದ್ದಳು. ಅಲ್ಲಿರುವ ಸೌಂದರ್ಯ ಆಂಟಿ ಕಲಿಸಿದ್ದು ಎಂದಳು. ಆಂಟಿ ಹೇಗೆ ಎಂದು ಹೇಮಲತಾ ಕೇಳಿದಳು. ಒಳ್ಳೆಯವರು, ಆದರೆ ಸಾರಿಗೆ ಬೆಲ್ಲ ಹಾಕುತ್ತಾರೆ ಎಂದಳು ಇಂಚರ. ಆ ದಿನ ಹೇಮಲತಾಳಿಗೆ ಆದ ಸಂಕಟಕ್ಕೆ ಹೆಸರಿರಲಿಲ್ಲ. ಆ ಹೆಂಗಸನ್ನು ದ್ವೇಷಿಸುವುದಕ್ಕೆ ಇದ್ದ ಒಂದು ಒಳ್ಳೆಯ ಕಾರಣ ಕೈತಪ್ಪಿ ಹೋಗಿತ್ತು, ಬೆಲ್ಲವೊಂದೇ ಅದಕ್ಕೆ ಸಾಕಾಗುತ್ತಿರಲಿಲ್ಲ.

ನ್ಯಾಯಾಧೀಶರು ಇಂಚರಳನ್ನು ತಮ್ಮ ಕೋಣೆಗೆ ಕರೆಸಿ ಹತ್ತು ನಿಮಿಷ ಮಾತಾಡಿದರು. ಹೊರಗೆ ಬಂದವಳನ್ನು ಯಾರೂ ಏನೂ ಕೇಳಬಾರದೆಂದು ಪ್ರತಿಮಾ ಹೇಳಿದ್ದರಿಂದ ಹೇಮಲತಾ ಬಾಯಿ ಬಿಗಿಹಿಡಿದು ಕೂತಳು. ಆಮೇಲೆ ಸಾಕ್ಷಿ. ಶರತ್ಚಂದ್ರನ ವಕೀಲರು ಕರೆಸಿದ್ದು ಮರುಳಪ್ಪನವರನ್ನು. ಮನೆ ದೊಡ್ಡದೇ ಎಂದರೆ ದೊಡ್ಡದು ಎಂದರು. ಹಾಲು ಇದೆಯೇ ಎಂದರೆ ಎರಡು ಹಸು ಎಂದರು. ಮೊಮ್ಮಗಳ ಮೇಲೆ ಪ್ರೀತಿ ಇದೆಯೇ ಎಂದರೆ ತಲೆಯಾಡಿಸಿದರು. ಬಾಯಲ್ಲಿ ಹೇಳಬೇಕು ಎಂದಾಗ ಐತೆ ಎಂದರು. ಹಿಂದಿನ ಸಾಲಿನಲ್ಲಿ ರುದ್ರಮ್ಮನವರು ನೆಮ್ಮದಿಯಾಗಿ ಕೂತಿದ್ದರು.

ಪ್ರತಿಮಾ ಎದ್ದು ಒಂದೇ ಪ್ರಶ್ನೆ ಕೇಳಿದರು. ಅಷ್ಟು ಪ್ರೀತಿಯಿದ್ದೂ ಮೂರು ವರ್ಷ ಸುಮ್ಮನಿದ್ದು ಈ ವರ್ಷ ಅರ್ಜಿ ಹಾಕಿದ್ದು ಯಾಕೆ?

ಮರುಳಪ್ಪನವರು ಟವೆಲ್ಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡರು. ಮಗನನ್ನು ನೋಡಲಿಲ್ಲ, ಹೆಂಡತಿಯನ್ನೂ ನೋಡಲಿಲ್ಲ.

"ಕೊಬ್ರಿ ಏರ್ತಲ್ಲ ಸ್ವಾಮಿ," ಎಂದರು. "ಎಂಟು ಸಾವ್ರ ಇದ್ದಾಗ ಯಾರ್ಗೂ ಮಗಾ ಗ್ಯಾಪ್ಕ ಬರ್ನಿಲ್ಲ."

ಟೈಪು ಮಾಡುವವರು ಇನ್ನೊಮ್ಮೆ ಹೇಳಿ ಎಂದರು. ಅವರು ಇನ್ನೊಮ್ಮೆ ಹೇಳಿದರು.

ಅರ್ಜಿ ವಜಾ ಆಯಿತು. ಮಗು ತಾಯಿಯ ಹತ್ತಿರವೇ, ಭಾನುವಾರವೂ ಅರ್ಧ ರಜೆಯೂ ತಂದೆಗೆ ಮೊದಲಿನಂತೆ. ಆದೇಶಕ್ಕೆ ಮುಂಚೆ ಹೇಮಲತಾ ತಾನಾಗಿಯೇ ಒಂದು ಮಾತು ಬರೆದುಕೊಟ್ಟಿದ್ದಳು: ವರ್ಷದ ಆದಾಯದಲ್ಲಿ ಅರ್ಧ ಇಂಚರಳ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿಯಾಗಲಿ, ಹದಿನೆಂಟು ತುಂಬುವವರೆಗೆ ತಾನೂ ಮುಟ್ಟುವುದಿಲ್ಲ, ಯಾರೂ ಮುಟ್ಟುವುದು ಬೇಡ. ಅದನ್ನೂ ಆದೇಶದಲ್ಲಿ ಸೇರಿಸಿದರು. ಮಗು ಯಾರ ಸುಪರ್ದಿಯಲ್ಲಿರುತ್ತದೋ ಎಂಬ ಸಾಲನ್ನು ತೆಗೆದು ಹಾಕಿದರು.

ಹೊರಗೆ ಮೆಟ್ಟಿಲ ಹತ್ತಿರ, ಹಸಿರು ಸೀರೆಯ ಒಬ್ಬ ಹೆಂಗಸು ಹೇಮಲತಾಳಿಗೆ ಎದುರಾದಳು. ತಾನು ಸೌಂದರ್ಯ ಎಂದಳು. ಅರ್ಜಿ ಹಾಕುವುದು ಬೇಡವೆಂದು ನಾನು ಹೇಳಿದ್ದೆ, ಕೇಳಲಿಲ್ಲ ಎಂದಳು. "ಅವ್ರು ಕೇಳಲ್ಲ," ಎಂದಳು ಹೇಮಲತಾ. ಇಂಚರ ಇಬ್ಬರ ನಡುವೆ ನಿಂತು ಚಪ್ಪಲಿಯ ಪಟ್ಟಿ ಹಾಕಿಕೊಂಡಳು.

ಕಣಕಟ್ಟೆಯಲ್ಲಿ ರುದ್ರಮ್ಮನವರು ಗಂಡನ ಜೊತೆ ನಾಲ್ಕು ತಿಂಗಳು ಮಾತು ಬಿಟ್ಟರು. ಮರುಳಪ್ಪನವರಿಗೆ ಅದು ಗೊತ್ತಾದದ್ದು ಎರಡನೆಯ ತಿಂಗಳಲ್ಲಿ ಎಂದು ಉಗ್ರಪ್ಪ ಹೇಳುತ್ತಾನೆ. ಶರತ್ಚಂದ್ರ ಕೋಪದಲ್ಲಿ ಎರಡು ಭಾನುವಾರ ಬರಲಿಲ್ಲ, ಮೂರನೆಯದಕ್ಕೆ ಬಂದ. ಈಗ ಹೆಚ್ಚುಕಡಿಮೆ ತಪ್ಪಿಸುವುದಿಲ್ಲ. ಸೌಂದರ್ಯ ಹಿಂದಿನ ದಿನವೇ ಅವನ ಅಂಗಿ ಇಸ್ತ್ರಿ ಮಾಡಿಡುತ್ತಾಳಂತೆ. ಹೇಮಲತಾ ಹಾರ್ಡ್‌ವೇರ್ ಅಂಗಡಿ ಬಿಟ್ಟಳು. ಅಟ್ಟವಿಲ್ಲದವರ ಕಾಯಿ ಕೊಂಡು ಒಣಗಿಸುತ್ತಾಳೆ, ಹರಾಜಿಗೆ ಹೋಗಲಾಗದವರ ಕೊಬ್ಬರಿಯನ್ನು ಕಮಿಷನ್ನಿಗೆ ಮಾರಿಕೊಡುತ್ತಾಳೆ. ಬೆಲೆ ಮತ್ತೆ ಸ್ವಲ್ಪ ಇಳಿದಿದೆ. ಅವಳಿಗೆ ಅದರಿಂದ ನಿದ್ದೆಗೇನೂ ತೊಂದರೆಯಾಗಿಲ್ಲ.

ಕಳೆದ ತಿಂಗಳು ಅಟ್ಟದ ಬಾಡಿಗೆ ಕೊಡಲು ಹೋದಾಗ ರುದ್ರಮ್ಮನವರು ಜಗಲಿಯ ಮೇಲೆ ಕೂರಲು ಹೇಳಿದರು. ತಮ್ಮ ಮೇಲಿನ ತೋಟದ ಕೊಬ್ಬರಿ ಹನ್ನೊಂದು ಮೂಟೆ ಇದೆ, ಮಂಡಿಯಲ್ಲಿ ಯಜಮಾನರು ಬಾಯಿ ಬಿಡುವುದಿಲ್ಲ, ದಲ್ಲಾಳಿ ಹೇಳಿದ್ದೇ ರೇಟು ಎಂದು ಬರುತ್ತಾರೆ ಎಂದರು. ನೀನೇ ಮಾರಿಕೊಡುತ್ತೀಯಾ ಎಂದು ನೇರವಾಗಿ ಕೇಳಲಿಲ್ಲ. ಕೇಳಿದ ಹಾಗೆ ಸುಮ್ಮನೆ ಕೂತರು.

"ಕಮಿಷನ್ನು ನೂರಕ್ಕೆ ಎರಡು ಅತ್ತೆ," ಎಂದಳು ಹೇಮಲತಾ.

"ಒಂದು."

"ಎಲ್ರಿಗೂ ಎರಡೇ."

"ಎಲ್ರೂ ನಿನ್ಗೆ ಅತ್ತೇನಾ?"

ಒಂದೂವರೆಗೆ ಒಪ್ಪಿದಳು. ರುದ್ರಮ್ಮನವರು ಎದ್ದು ಒಳಗೆ ಹೋಗಿ, ಊಟ ಮಾಡ್ಕೊಂಡೋಗು ಎಂದು ಅಲ್ಲಿಂದಲೇ ಹೇಳಿದರು. ಮುದ್ದೆ, ಅವರೆಕಾಳಿನ ಸಾರು. ಮೂರೂವರೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಸಾರಿಗೆ ಉಪ್ಪು ಸ್ವಲ್ಪ ಕಮ್ಮಿಯಿತ್ತು. ಹೇಮಲತಾ ಹೇಳಲಿಲ್ಲ, ಇನ್ನೊಂದು ಸೌಟು ಹಾಕಿಸಿಕೊಂಡಳು.